ಫೋನಿಗೆ ಹಗ್ಗ ಕಟ್ಟಿದ ಭಾವ

ನಮ್ಮ ಭಾವ ರುದ್ರಸ್ವಾಮಿಯವರನ್ನು ಯಾರಾದರೂ ಹೊಗಳಿದರೆ ನನಗೆ ಸಿಟ್ಟು ಬರುತ್ತದೆ. ಸ್ವಲ್ಪ ಹೊತ್ತಾದ ಮೇಲೆ, ಹೊಗಳಿದ್ದರಲ್ಲಿ ಸುಳ್ಳೇನೂ ಇಲ್ಲವಲ್ಲ ಅನಿಸಿ ಇನ್ನೂ ಸಿಟ್ಟು ಬರುತ್ತದೆ. ನನ್ನ ಹೆಸರು ಕೋಮಲ, ಯಳಂದೂರಿನಲ್ಲಿ ಪ್ರೈಮರಿ ಸ್ಕೂಲ್ ಟೀಚರು. ಅಕ್ಕ ಗುರುಬಸಮ್ಮನನ್ನು ಮುಳ್ಳೂರಿಗೆ ಕೊಟ್ಟು ಮದುವೆ ಮಾಡಿದಾಗ ನಾನಿನ್ನೂ ಲಂಗ ಹಾಕಿಕೊಂಡು ಓಡಾಡುತ್ತಿದ್ದೆ. ಅವತ್ತು ಊಟದ ಪಂಕ್ತಿಯಲ್ಲಿ ಒಂದು ಒಬ್ಬಟ್ಟಿಗೋಸ್ಕರ ಶುರುವಾದ ನಮ್ಮಿಬ್ಬರ ಜಗಳ ಇವತ್ತಿಗೂ ನಿಂತಿಲ್ಲ. ನಿಲ್ಲುವುದೂ ಬೇಡ ಬಿಡಿ, ನಿಂತರೆ ಇಬ್ಬರಿಗೂ ಹೊತ್ತು ಹೋಗುವುದಿಲ್ಲ.

ಭಾವನಿಗೆ ಕೊಳ್ಳೇಗಾಲದಲ್ಲಿ ಹಗ್ಗದ ಅಂಗಡಿ ಇದೆ. ದನ ಕಟ್ಟುವ ಹಗ್ಗ, ಮೂಗುದಾರ, ಕರುವಿಗೆ ಕಣ್ಣಿ, ಎತ್ತಿನ ಕೊರಳಿಗೆ ಗೆಜ್ಜೆ, ಇಷ್ಟೇ ಸಾಮಾನು. ಅವರ ಅಪ್ಪ ಇಟ್ಟ ಅಂಗಡಿ. "ಈಗ ಎಲ್ಲರ ಮನೆಯಲ್ಲೂ ಟ್ರ್ಯಾಕ್ಟರು, ನಿಮ್ಮ ಹಗ್ಗ ಯಾರು ತಗೊಳ್ತಾರೆ ಭಾವ?" ಅಂತ ನಾನೊಮ್ಮೆ ಚುಚ್ಚಿದೆ. "ಟ್ರ್ಯಾಕ್ಟ್ರು ಕೆಟ್ಟು ನಿಂತ್ಕಂಡ್ರೆ ಎಳ್ಯಾಕೆ ಏನ್ ಬೇಕು ಏಳಮ್ಮಿ?" ಅಂದರು. ಇಂಥ ಮನುಷ್ಯನಿಗೆ ಏನು ಹೇಳುವುದು!

ಗಿರಾಕಿ ಬಂದು "ಹಗ್ಗ ಗಟ್ಟಿ ಇದೆಯೋ?" ಅಂತ ಕೇಳಬಾರದು. ಕೇಳಿದರೆ ಒಂದು ತುದಿಯನ್ನು ಅಂಗಡಿಯ ಕಂಬಕ್ಕೆ ಬಿಗಿದು, ಇನ್ನೊಂದನ್ನು ಎರಡೂ ಕೈಗೆ ಸುತ್ತಿಕೊಂಡು, ಹೊಟ್ಟೆಸಮೇತ ಹಿಂದಕ್ಕೆ ವಾಲಿ ತೋರಿಸುತ್ತಾರೆ. ಒಂದು ಸಲ ಹಗ್ಗ ಹರಿಯಲಿಲ್ಲ, ಕಂಬ ಅಲುಗಾಡಿತು. ಮೇಲಿನ ಹೆಂಚು ಜಾರಿ ಗಿರಾಕಿಯ ಕಾಲ ಬಳಿ ಬಿತ್ತು. ಭಾವನಿಗೆ ಅದರಿಂದ ಒಂದಿಷ್ಟೂ ನಾಚಿಕೆಯಾಗಲಿಲ್ಲ. "ನೋಡ್ದಾ, ಅಗ್ಗ ಎಂಗದೆ?" ಅಂತ ಅದೇ ಹಗ್ಗವನ್ನು ಅವನಿಗೆ ಮಾರಿದರು.

ಅಂಗಡಿಯ ಚಾಳಿ ಮನೆಗೂ ಬಂದಿದೆ. ಕೈಗೆ ಸಿಕ್ಕಿದ್ದನ್ನೆಲ್ಲ ಕಟ್ಟಿಹಾಕುತ್ತಾರೆ. ಕನ್ನಡಕಕ್ಕೆ ದಾರ, ಪೆನ್ನಿಗೆ ದಾರ, ಬೀರುವಿನ ಕೀಗೆ ದಾರ. ಟಿವಿ ರಿಮೋಟು ಕಳೆದುಹೋಗುತ್ತದೆ ಅಂತ ಅದನ್ನು ಅಕ್ಕನ ಮಂಚದ ಕಾಲಿಗೆ ಕಟ್ಟಿದ್ದಾರೆ. ಅಕ್ಕ ಮಲಗಿಕೊಂಡು ಧಾರಾವಾಹಿ ನೋಡಬೇಕೆಂದರೆ, ಬಾವಿಯಿಂದ ನೀರು ಸೇದುವ ಹಾಗೆ ರಿಮೋಟನ್ನು ಮೇಲಕ್ಕೆ ಎಳೆದುಕೊಳ್ಳಬೇಕು. ಬೇರೆ ಯಾರಾದರೂ ಆಗಿದ್ದರೆ ಆ ದಾರವನ್ನು ಕತ್ತರಿಸಿ ಒಲೆಗೆ ಹಾಕುತ್ತಿದ್ದರು. ಅಕ್ಕನಿಗೆ ಅದೇ ಅಭ್ಯಾಸವಾಗಿ ಹೋಗಿದೆ.

ಈಗ ಹರಕೆಯ ವಿಷಯಕ್ಕೆ ಬರುತ್ತೇನೆ. ಸುಮಾರು ವರ್ಷಗಳ ಹಿಂದೆ ಭಾವನಿಗೆ ಕಾಮಾಲೆಯಾಗಿ ಮೈಯೆಲ್ಲ ಅರಿಸಿನ ಬಳಿದ ಹಾಗಾಗಿತ್ತು. ಉಳಿಯುವುದು ಕಷ್ಟ ಅಂತ ಎಲ್ಲರೂ ಅಂದರು. ಅವತ್ತು ಅಕ್ಕ ದೇವರ ಮನೆಯಲ್ಲಿ ಕೂತು ಹರಕೆ ಹೊತ್ತಳು. ಇವರು ಉಳಿದರೆ, ಗಂಡಹೆಂಡತಿ ಜೋಡಿಯಾಗಿ ತಾಳುಬೆಟ್ಟದಿಂದ ಬರಿಗಾಲಲ್ಲಿ ನಡೆದು ಮಾದಪ್ಪನ ಬೆಟ್ಟ ಹತ್ತುತ್ತೇವೆ ಅಂತ. ಭಾವ ಉಳಿದರು. ಉಳಿದ ಮೇಲೆ ಅವರ ಕಾರಣಗಳು ಶುರುವಾದವು. ಈ ತಿಂಗಳು ದನದ ಸಂತೆ, ಮುಂದಿನ ತಿಂಗಳು ಬಿಸಿಲು, ಆಮೇಲೆ ಮಳೆ, ಆಮೇಲೆ ಯಾರದೋ ಮದುವೆ. ಮಾದಪ್ಪನೇನೋ ಕಾದ. ಅಕ್ಕನ ಮಂಡಿ ಕಾಯಲಿಲ್ಲ.

ಮಂಡಿ ಎರಡೂ ಸವೆದು ಅವಳಿಗೆ ಕೊಟ್ಟಿಗೆಯವರೆಗೆ ಹೋಗುವುದೂ ಕಷ್ಟವಾದ ಮೇಲೆ, ಹೋದ ವರ್ಷಕ್ಕೆ ಹಿಂದಿನ ವರ್ಷ, "ನೀವಾದ್ರೂ ನಡೀರಿ, ಅರ್ಧನಾರೂ ತೀರ್ಲಿ" ಅಂತ ಭಾವನನ್ನು ಒಬ್ಬರನ್ನೇ ಕಳಿಸಿದಳು. ಹೋದರು, ಮಾರನೆಯ ದಿನ ವಿಭೂತಿ, ಲಾಡು ತಂದರು. ನಮ್ಮ ಕಡೆ ಬೆಟ್ಟ ನಡೆದು ಬಂದವರ ಕಾಲನ್ನು ಹೊಸ್ತಿಲಾಚೆಯೇ ತೊಳೆದು ಒಳಗೆ ಕರೆಯುತ್ತಾರೆ. ಅಕ್ಕ ಸ್ಟೂಲಿನ ಮೇಲೆ ಕೂತು, ಚೊಂಬಿನಲ್ಲಿ ನೀರು ಹುಯ್ದು, ಅಂಗಾಲು ಉಜ್ಜಿದಳು. ಮದುವಣಗಿತ್ತಿಯ ಅಂಗಾಲಿನ ಹಾಗೆ ನುಣ್ಣಗಿತ್ತು! ಒಂದು ಮುಳ್ಳಿಲ್ಲ, ಒಂದು ಬೊಬ್ಬೆಯಿಲ್ಲ. ಅಕ್ಕ ಪೂರ್ತಿ ತೊಳೆದು, ಸೆರಗಿನಲ್ಲಿ ಒರೆಸಿ, ಆಮೇಲೆ ತಣ್ಣಗೆ ಕೇಳಿದಳು.

"ಬಸ್ಸಿಗೆ ಟಿಕೀಟು ಎಷ್ಟು ತಕಂಡ್ರು?"

ಎರಡನೆಯ ತಿರುವಿನಲ್ಲೇ ಬಸ್ಸಿಗೆ ಕೈ ಅಡ್ಡ ಹಾಕಿದ್ದರಂತೆ ಪುಣ್ಯಾತ್ಮ. ಆ ಸುದ್ದಿ ಕೇಳಿ ನಾನು ಯಳಂದೂರಿನಿಂದ ಫೋನಿನಲ್ಲೇ ಅವರ ಜನ್ಮ ಜಾಲಾಡಿದೆ.

ಈ ವರ್ಷ ಮೈಸೂರಿನ ಡಾಕ್ಟರು ಎರಡೂ ಮಂಡಿಗೆ ಆಪರೇಷನ್ ಆಗಲೇಬೇಕು ಅಂದರು. ತಡಮಾಡಿದರೆ ಆಮೇಲೆ ಏಳುವುದೇ ಇಲ್ಲ ಅಂತ ಹೆದರಿಸಿ ದಿನವನ್ನೂ ಕೊಟ್ಟರು. ಅಕ್ಕ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುವಾಗ ಹಲ್ಲು ಕಚ್ಚುವ ಸದ್ದು ಹಜಾರಕ್ಕೆ ಕೇಳಿಸುತ್ತಿತ್ತು. ಅಷ್ಟಾದರೂ ಒಂದೇ ಹಟ.

"ಅರಕೆ ಒತ್ಕಂಡು ಕತ್ತಿಗೆ ಕಾಲು ಕೊಡಾಕಿಲ್ಲ ನಾನು."

"ಕಾರು ಮಾಡಿಸ್ತೀನಿ ಅಕ್ಕ, ಬೆಟ್ಟದ ಮೇಲೆ ಹೋಗಿ ಕೈಮುಗಿದು ಬಾ" ಅಂದೆ.

"ನಡ್ಕಂಡು ಬತ್ತೀವಿ ಅಂದಿವ್ನಿ ಕಣಮ್ಮಿ. ಕಾರಲ್ಲಿ ಕುಂತ್ಕಂಡು ಬತ್ತೀವಿ ಅಂತ ಅಂದಿಲ್ಲ."

ಬಾಗಿಲ ಬಳಿ ನಿಂತಿದ್ದ ಭಾವನ ಮುಖ ನೋಡಬೇಕಿತ್ತು. ತಪ್ಪು ಯಾರದು ಅಂತ ಯಾರೂ ಹೇಳಬೇಕಾಗಿರಲಿಲ್ಲ. "ನಾನು ನಡೀತೀನಿ. ಈ ಸಲ ಪೂರ್ತಿ" ಅಂದರು. ಅಕ್ಕ ಅವರ ಕಡೆ ನೋಡದೆಯೇ "ನಂಬೋರ್ಯಾರು?" ಅಂದಳು. ಅಲ್ಲಿಂದ ವೀಡಿಯೊ ಮಾತು ಹುಟ್ಟಿದ್ದು.

ಅಕ್ಕನ ಶರತ್ತುಗಳನ್ನು ಕೇಳಿ. ಬರೀ ಮುಖ ತೋರಿಸಿದರೆ ಆಗುವುದಿಲ್ಲ, ಮುಖವನ್ನು ಬಸ್ಸಿನ ಕಿಟಕಿಯಲ್ಲೂ ತೋರಿಸಬಹುದು. ತಲೆಯಿಂದ ಪಾದದವರೆಗೆ ಕಾಣಬೇಕು, ನಡೆಯುವುದು ಕಾಣಬೇಕು. ಕಾಡಿನಲ್ಲಿ ಸಿಗ್ನಲ್ ಸಿಗುವುದಿಲ್ಲ, ಹಾಗಾಗಿ ವೀಡಿಯೊ ಕಾಲ್ ಮಾತಿಲ್ಲ. ಭಾವನದು ಗುಂಡಿ ಒತ್ತುವ ಹಳೇ ಫೋನು, ಅದಕ್ಕೆ ಅಕ್ಕ ತನ್ನ ದೊಡ್ಡ ಫೋನನ್ನೇ ಕೊಡುತ್ತಾಳೆ. ಆದರೆ ಅದು ಬೇರೆಯವರ ಕೈಗೆ ಹೋಗಕೂಡದು. "ನನ್ ಫೋನ್ ಅದು. ನಾನೇ ಬಂದಂಗೆ ಅಂದ್ಕಳಿ. ಕಂಡೋರ್ ಕೈಗೆ ಕೊಡ್ಬ್ಯಾಡಿ" ಅಂದಳು. ಆ ಫೋನ್ ತೆರೆದರೆ ಮೊದಲು ಕಾಣುವುದೂ ಅವಳ ಮುಖವೇ. ನಾನೇ ಫೋಟೊ ಹಾಕಿಕೊಟ್ಟಿದ್ದೆ.

ಭಾನುವಾರ ನನ್ನ ಮೂರು ಕಾಲಿನ ಸ್ಟ್ಯಾಂಡು ತಗೊಂಡು ಮುಳ್ಳೂರಿಗೆ ಹೋದೆ, ಕೊರೊನಾದಲ್ಲಿ ಆನ್‌ಲೈನ್ ಪಾಠಕ್ಕೆ ಅಂತ ಕೊಂಡಿದ್ದು. ಸೆಲ್ಫಿ ಕೋಲನ್ನು ಮೊದಲೇ ನೋಡಿಯಾಗಿತ್ತು. ಅದರಲ್ಲಿ ಭಾವ ಹೊಟ್ಟೆಯವರೆಗೆ ಮಾತ್ರ ಬರುತ್ತಿದ್ದರು, ಹೊಟ್ಟೆಯಿಂದ ಕೆಳಗೆ ಏನಿದೆ ಅಂತ ಅವರಿಗೂ ಕಾಣುವುದಿಲ್ಲ, ಫೋನಿಗೂ ಕಾಣಲಿಲ್ಲ. ಅಂಗಳದಲ್ಲಿ ಸ್ಟ್ಯಾಂಡ್ ನಿಲ್ಲಿಸಿ ಹೇಳಿಕೊಟ್ಟೆ. "ನೋಡಿ ಭಾವ, ಈ ಕೆಂಪು ಗುಂಡಿ ಒತ್ತಿ. ಮುಂದೆ ನಡೀರಿ. ಸ್ವಲ್ಪ ದೂರ ಹೋದ ಮೇಲೆ ವಾಪಸ್ ಬಂದು ಎತ್ಕೊಳ್ಳಿ. ಮತ್ತೆ ಮುಂದೆ ಇಡಿ." ಒತ್ತಿದರು, ಆಗಸ್ಟ್ ಹದಿನೈದರ ಪೆರೇಡಿನ ಹಾಗೆ ಕೈ ಬೀಸಿಕೊಂಡು ತುಳಸಿಕಟ್ಟೆಯವರೆಗೆ ನಡೆದರು, ವಾಪಸ್ ಬರಲು ತಿರುಗಿದರು.

ಜಗುಲಿಯಿಂದ ಅಕ್ಕ ಕೂಗಿದಳು. "ಅದೇನ್ರಿ, ಇಂದಕ್ಕೆ ಬತ್ತಾ ಇದ್ದೀರಿ?"

ಅಯ್ಯೋ ಶಿವನೇ! ಅದನ್ನು ನಾನು ಮರೆತೇಬಿಟ್ಟಿದ್ದೆ. ಆ ಮನೆಯಲ್ಲಿ ಅತ್ತೆಯ ಕಾಲದಿಂದ ಬಂದ ಒಂದು ಪದ್ಧತಿ ಇದೆ. ಹರಕೆಗೆ ಅಂತ ಹೆಜ್ಜೆ ಇಟ್ಟ ಮೇಲೆ ದೇವರ ಬಾಗಿಲು ಮುಟ್ಟುವವರೆಗೆ ಒಂದೇ ಒಂದು ಹೆಜ್ಜೆಯನ್ನೂ ಹಿಂದಕ್ಕೆ ಇಡಬಾರದು. ಕೂರಬಹುದು, ನಿಲ್ಲಬಹುದು, ಮಲಗಲೂಬಹುದು. ಹಿಂದಕ್ಕೆ ಮಾತ್ರ ಹೋಗುವ ಹಾಗಿಲ್ಲ. ಹೋದರೆ ಮತ್ತೆ ಮೊದಲಿಂದ. ಈಗ ಹೇಳಿ, ಹಿಂದಕ್ಕೆ ಹೋಗದೆ ಹಿಂದೆ ಉಳಿದ ಫೋನನ್ನು ಎತ್ತಿಕೊಳ್ಳುವುದು ಹೇಗೆ? "ಪದ್ಧತಿ ಮಾಡಿದ ಕಾಲದಲ್ಲಿ ಫೋನ್ ಇರಲಿಲ್ಲ ಅಕ್ಕ" ಅಂತ ವಾದ ಮಾಡಿದೆ. "ಕಾಲು ಇತ್ತಲ್ಲ?" ಅಂದಳು.

ಭಾವ ತುಳಸಿಕಟ್ಟೆಯ ಬಳಿ ನಿಂತವರು ನಿಂತೇ ಇದ್ದರು. ಆಮೇಲೆ ಅವರ ಮುಖದಲ್ಲಿ ಒಂದು ಕಳೆ ಬಂತು. ಆ ಕಳೆ ಬಂದಾಗೆಲ್ಲ ಏನೋ ಒಂದನ್ನು ಎಲ್ಲಿಗೋ ಕಟ್ಟುತ್ತಾರೆ ಅಂತ ನನಗೆ ಗೊತ್ತು.

"ಬೇಡ ಭಾವ. ಅದು ನನ್ನ ಸ್ಟ್ಯಾಂಡು" ಅಂದೆ.

"ವಸಿ ಸುಮ್ಕಿರಮ್ಮಿ."

ಒಳಗಿನಿಂದ ತೆಳ್ಳನೆಯ ಒಂದು ಹೊಸ ಹಗ್ಗ ತಂದು ಸ್ಟ್ಯಾಂಡಿನ ಕಾಲಿಗೆ ಬಿಗಿದರು. ಇನ್ನೊಂದು ತುದಿ ಸೊಂಟಕ್ಕೆ. ಗುಂಡಿ ಒತ್ತಿ, ಹಗ್ಗ ಮುಗಿಯುವವರೆಗೆ ನಡೆದು, ನಿಂತಲ್ಲೇ ತಿರುಗಿ ಎಳೆದರು. ಸ್ಟ್ಯಾಂಡು ಮುಗ್ಗರಿಸಿ ಮುಖ ಅಡಿಯಾಗಿ ಬಿತ್ತು. ಅಕ್ಕ ತಾನೇ ಬಿದ್ದಳೇನೋ ಅನ್ನುವ ಹಾಗೆ ಚೀರಿದಳು. ನಾನಂತೂ ಬಾಯಿಗೆ ಬಂದಿದ್ದೆಲ್ಲ ಅಂದೆ. ಭಾವ ಅದ್ಯಾವುದನ್ನೂ ಕಿವಿಗೆ ಹಾಕಿಕೊಳ್ಳದೆ ಹಿತ್ತಲಿಗೆ ಹೋಗಿ ಒಣಗಿದ ತೆಂಗಿನ ಎಡೆಮಟ್ಟೆ ಒಂದನ್ನು ತಂದರು. ನಮ್ಮೂರುಗಳಲ್ಲಿ ಮಕ್ಕಳೆಲ್ಲ ಅದರ ಅಗಲವಾದ ಬುಡದ ಮೇಲೆ ಕೂತು, ಒಬ್ಬರನ್ನೊಬ್ಬರು ಎಳೆದಾಡಿ ಚಡ್ಡಿ ಹರಿದುಕೊಳ್ಳುತ್ತಾರಲ್ಲ, ಅದೇ ಎಡೆಮಟ್ಟೆ. ಅದರ ಬುಡಕ್ಕೆ ನನ್ನ ಸ್ಟ್ಯಾಂಡಿನ ಮೂರು ಕಾಲನ್ನೂ ಕಗ್ಗಂಟು ಹಾಕಿ ಬಿಗಿದರು. ಎಳೆದರೆ ಅದು ಬಿಂಕದಿಂದ ಅಂಗಳದಲ್ಲಿ ಜಾರಿಕೊಂಡು ಬಂತು. ಫೋನು ನೆಟ್ಟಗೆ ಕೂತಿತ್ತು.

ಮುಖ ಹಿಂದಕ್ಕೆ ತಿರುಗಿಸಿದರೆ ಹರಕೆಗೆ ಲೋಪವಾಗುತ್ತದೆಯೇ ಅನ್ನುವುದು ಮಾತ್ರ ಉಳಿಯಿತು. ಅಕ್ಕ ಬಹಳ ಹೊತ್ತು ಯೋಚಿಸಿ ತೀರ್ಪು ಕೊಟ್ಟಳು. "ಮಖ ತಿರುಗ್ಸಿ. ಕಾಲು ತಿರುಗ್ಸಬ್ಯಾಡಿ." ಸುಪ್ರೀಂ ಕೋರ್ಟೂ ಇಷ್ಟು ಸೂಕ್ಷ್ಮವಾಗಿ ಹೇಳುತ್ತಿರಲಿಲ್ಲ.

ಭಾವ ಹೊರಟರು. ಬಸ್ಸಿನಲ್ಲಿ ಎಡೆಮಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದನ್ನು ನೋಡಿ ಕಂಡಕ್ಟರು "ಏನ್ರಿ ಯಜಮಾನ್ರೆ, ಬೆಟ್ಟದಲ್ಲಿ ಸೌದೆ ಸಿಕ್ಕಲ್ವಾ?" ಅಂದನಂತೆ. ಹನೂರಿನಲ್ಲಿ ಇಳಿದು ಮಗಳು ದೀಪಶ್ರೀಯ ಮನೆಯಲ್ಲಿ ಉಳಿದುಕೊಂಡರು. ಅವಳಿಗೆ ಕೈಗೂಸು, ಜೊತೆಗೆ ಹೋಗುವ ಹಾಗಿರಲಿಲ್ಲ. ಬೆಳಿಗ್ಗೆ ಅಪ್ಪನಿಗೆ ಪುಳಿಯೋಗರೆ ಕಟ್ಟಿಕೊಟ್ಟು ಕಳಿಸಿದಳು. ಆ ಪುಳಿಯೋಗರೆ ಅಪ್ಪನ ಹೊಟ್ಟೆಗೆ ಹೋಗಲಿಲ್ಲ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಬೆಟ್ಟ ಹತ್ತಿದ ಮಾರನೆಯ ದಿನ ಮಧ್ಯಾಹ್ನ ಭಾವ ವಾಪಸ್ ಬಂದಾಗ ನಾನು ರಜೆ ಹಾಕಿ ಅಲ್ಲೇ ಕಾದಿದ್ದೆ. ಕುಂಟುತ್ತಾ ಬಂದರು. ಎಡೆಮಟ್ಟೆಯ ತಳ ಸವೆದು ಜರಡಿಯಾಗಿತ್ತು. ಅಕ್ಕ ಸ್ಟೂಲಿನ ಮೇಲೆ ಕೂತಳು, ಚೊಂಬು ತರಿಸಿದಳು, ಅಂಗಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡಳು. ಬೊಬ್ಬೆ ಎದ್ದು, ಒಡೆದು, ಮಣ್ಣು ಮೆತ್ತಿತ್ತು. ಹಿಮ್ಮಡಿಯಲ್ಲಿ ಒಂದು ಮುಳ್ಳು ಮುರಿದು ಕೂತಿತ್ತು. ಅಕ್ಕ ತನ್ನ ಸರದಿಂದ ಪಿನ್ನು ಬಿಚ್ಚಿ ಅದನ್ನು ಮೆಲ್ಲಗೆ ತೆಗೆದಳು. ಭಾವ "ಸ್ಸ್" ಅಂದರೆ "ಇರ್ರೀ" ಅಂದಳು. ನನಗೆ ಬೈಯಲು ಒಂದು ಮಾತೂ ಸಿಗಲಿಲ್ಲ, ಅದಕ್ಕೇ ಇನ್ನೂ ಕಷ್ಟವಾಯಿತು.

ಒರೆಸಿ ಮುಗಿಸಿದ ಮೇಲೆ ಅಕ್ಕ ಹೇಳಿದಳು. "ನಿಮ್ದು ತೀರ್ತು. ಒಳ್ಳೇದಾಯ್ತು."

"ಅಂಗಾರೆ ಆಸ್ಪತ್ರೆಗೆ..." ಅಂತ ಭಾವ ಶುರುಮಾಡಿದರು.

"ನಂದು ಅಂಗೇ ಅದಲ್ಲ! ಜೋಡಿ ಅರಕೆ ಅದು. ನೀವ್ ನಡುದ್ರಿ, ನಾನೆಲ್ಲಿ ನಡುದ್ನಿ?"

ಭಾವ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು. ಇಷ್ಟೆಲ್ಲ ಮಾಡಿದ್ದು ನೀರಲ್ಲಿ ಹೋಮವಾಯಿತಲ್ಲ ಅಂತ ನನಗೆ ಅಕ್ಕನ ಮೇಲೆ ಕೆಟ್ಟ ಕೋಪ ಬಂತು, ಅವಳ ಮಂಡಿ ನೆನಪಾಗಿ ಅದನ್ನು ನುಂಗಿಕೊಂಡೆ. "ನಡೆದಿದ್ದನ್ನಾದರೂ ನೋಡು, ಪಾಪ" ಅಂತ ಹೇಳಿ ವೀಡಿಯೊಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿ ಟಿವಿಗೆ ಚುಚ್ಚಿದೆ. ಅಕ್ಕ ಮಂಚದ ಮೇಲೆ ದಿಂಬಿಗೆ ಒರಗಿದಳು. ಭಾವ ಕೆಳಗೆ ಗೋಡೆಗೆ ಒರಗಿ ಕಾಲು ನೀಡಿದರು.

ಮೊದಲು ತಾಳುಬೆಟ್ಟ ಬಂತು. ಬಿಳಿ ಪಂಚೆ ಎತ್ತಿ ಕಟ್ಟಿ, ಹೆಗಲ ಮೇಲೆ ಟವಲು ಹಾಕಿ ಭಾವ ಕ್ಯಾಮರಾ ಮುಂದೆ ನಿಂತಿದ್ದರು. "ನಮಸ್ಕಾರ. ನಾನು ಮುಳ್ಳೂರು ರುದ್ರಸ್ವಾಮಿ" ಅಂತ ಯಾವುದೋ ಸಭೆಯಲ್ಲಿ ಮಾತಾಡುವವರ ಹಾಗೆ ಶುರುಮಾಡಿ, ಮುಂದಕ್ಕೆ ಏನೂ ತೋಚದೆ, "ನೋಡ್ಕ ಗುರುಬಸಿ, ಇದು ಕಾಲು" ಅಂತ ಲಾಳ ಕಟ್ಟಿಸಿಕೊಳ್ಳುವ ಎತ್ತಿನ ಹಾಗೆ ಒಂದೊಂದೇ ಪಾದ ಎತ್ತಿ ತೋರಿಸಿದರು. ಆಮೇಲೆ ಹೊರಟರು. ಬೆನ್ನು ಕಾಣಿಸಿತು, ಪಂಚೆ ಕಾಣಿಸಿತು, ಬರಿಗಾಲು ಕಾಣಿಸಿತು. ಹಗ್ಗ ಮುಗಿಯಿತು. ತಿರುಗಿದರು. ಈಗ ನೋಡಿ, ಟಿವಿಯಲ್ಲಿ ಇಡೀ ಬೆಟ್ಟ ಗಡಗಡ ನಡುಗಲು ಶುರುವಾಯಿತು. ಎಡೆಮಟ್ಟೆ ಕಲ್ಲಿನ ಮೇಲೆ ಹಾರುತ್ತಾ ಭಾವನ ಕಡೆಗೆ ಹೋಗುತ್ತಿತ್ತು. ನನಗೆ ನೋಡಿಯೇ ತಲೆ ಸುತ್ತಿತು.

ಮತ್ತೆ ಅದೇ. ನಡೆಯುವುದು, ತಿರುಗುವುದು, ಎಳೆಯುವುದು. ಉಘೇ ಮಾದಪ್ಪ ಅಂತ ಕೂಗಿಕೊಂಡು ಮೂವರು ಹುಡುಗರು ಬಂದವರು ಭಾವನನ್ನು ನೋಡಿ ಕೂಗುವುದನ್ನೇ ಮರೆತರು.

"ಅಣ್ಣೋ, ಕೊಡಿ ನಾನ್ ಇಡ್ಕತೀನಿ, ನೀವ್ ಆರಾಮಾಗಿ ನಡೀರಿ" ಅಂದ ಒಬ್ಬ.

"ಬ್ಯಾಡ ಕಣಪ್ಪ. ನನ್ನೆಂಡ್ತಿ ಯಾರ್ ಕೈಗೂ ಕೊಡ್ಬ್ಯಾಡಿ ಅಂದವ್ಳೆ."

"ಹಗ್ಗ ಕಟ್ಟಿ ಎಳೀರಿ ಅಂತಾನೂ ಅವ್ರೇ ಅಂದ್ರಾ?"

ಭಾವ ಬಗ್ಗಿ ಹಗ್ಗ ಎಳೆಯತೊಡಗಿದರು. ಹುಡುಗರು ತಮ್ಮ ತಮ್ಮ ಫೋನು ತೆಗೆದು, ಫೋನ್ ಎಳೆಯುವ ಭಾವನ ವೀಡಿಯೊ ಹಿಡಿದುಕೊಂಡು ಹೋದರು.

ಆಮೇಲೆ ಕೋತಿಯ ಪ್ರಕರಣ. ಒಂದು ತಿರುವಿನಲ್ಲಿ ಭಾವ ಎಂದಿನಂತೆ ಹಗ್ಗದ ತುದಿಯವರೆಗೆ ನಡೆದು ತಿರುಗುವಷ್ಟರಲ್ಲಿ, ದೊಡ್ಡ ಗಡವ ಕೋತಿಯೊಂದು ಟಿವಿ ತುಂಬ ಬಂದು ಕೂತಿತು. ಫೋನಿನಲ್ಲಿ ತನ್ನ ಮುಖವನ್ನೇ ಕಂಡು ಹಲ್ಲು ಕಿರಿಯಿತು. ಒಳಗಿದ್ದದ್ದೂ ಹಲ್ಲು ಕಿರಿಯಿತಲ್ಲ, ಅದಕ್ಕೆ ರೇಗಿ ಎಡೆಮಟ್ಟೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಿತು. ಆ ಕಡೆಯಿಂದ ಭಾವ, ಈ ಕಡೆಯಿಂದ ಕೋತಿ. ಹಗ್ಗಜಗ್ಗಾಟ. ಹಿಂದಕ್ಕೆ ಒಂದು ಹೆಜ್ಜೆ ಇಟ್ಟು ಗದರಿದ್ದರೆ ಸಾಕಿತ್ತು, ಓಡಿಹೋಗುತ್ತಿತ್ತು. ಇಡುವ ಹಾಗಿಲ್ಲವಲ್ಲ! ನಿಂತಲ್ಲೇ ಕುಣಿಯುತ್ತಾ, ಟವಲು ಬೀಸುತ್ತಾ, ಭಾವ ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು.

"ಲೇ! ಬುಡ್ಲಾ! ಅದು ನನ್ನೆಂಡ್ತಿ ಕಣ್ಲಾ, ಬುಡ್ಲಾ ಮುಂಡೇದೆ!"

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳ ಭುಜ ಕುಲುಕುತ್ತಿತ್ತು.

ಕೊನೆಗೆ ಮಗಳು ಕಟ್ಟಿಕೊಟ್ಟ ಪುಳಿಯೋಗರೆಯ ಪೊಟ್ಟಣವನ್ನೇ ಎಸೆದರು. ಕೋತಿ ಅದನ್ನೆತ್ತಿಕೊಂಡು ಮರ ಹತ್ತಿತು. ಅದೇ ಹೊತ್ತಿಗೆ ಕೆಳಗಿನಿಂದ ಖಾಕಿ ಷರಟಿನ ಒಬ್ಬರು ಬಂದರು. ಕಾಡಿನ ಪೋಡಿನವರು, ಅಂದರೆ ಕಾಡಿನೊಳಗಿನ ಹಟ್ಟಿಯವರು, ಅರಣ್ಯ ಇಲಾಖೆಯಲ್ಲಿ ವಾಚರ್ ಕೆಲಸ. ಹೆಸರು ಜಡಯ್ಯ ಅಂತ ಭಾವ ಆಮೇಲೆ ಹೇಳಿದರು. ಆತ ಫೋನನ್ನು ನೋಡಿದರು, ಹಗ್ಗವನ್ನು ನೋಡಿದರು, ಹಗ್ಗದ ಆ ತುದಿಯಲ್ಲಿದ್ದ ಭಾವನನ್ನು ನೋಡಿದರು.

"ಏನ್ ಸಾ, ಫೋನ್ ಮೇಯ್ಸಾಕೆ ಒಡ್ಕಂಡು ಬಂದಿದ್ದೀರಾ?"

ಭಾವ ಹರಕೆಯ ಕಥೆಯನ್ನೆಲ್ಲ ಹೇಳಿದರು. ಹೆಂಡತಿ ಬರಲಾಗಲಿಲ್ಲ, ಫೋನು ಬಂದಿದೆ ಅಂದರು. ಜಡಯ್ಯ ನಗಲಿಲ್ಲ. "ಅಂಗಾರೆ ಅಮ್ಮಾವ್ರಿಗೆ ವಸಿ ನೀರ್ ಕುಡಿಸಿ ಸಾ, ಬಿಸ್ಲು ಜಾಸ್ತಿ ಅದೆ" ಅಂತ ಅಷ್ಟೇ ಗಂಭೀರವಾಗಿ ಹೇಳಿ ತನ್ನ ಬಾಟಲಿ ಕೊಟ್ಟು ಮುಂದೆ ಹೋದರು. ಗೇಲಿ ಮಾಡಿದರೋ, ನಿಜವಾಗಿಯೇ ಅಂದರೋ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಅಲ್ಲಿಂದ ಮುಂದೆ ಭಾವ ಕ್ಯಾಮರಾವನ್ನು ಮರೆತೇಬಿಟ್ಟರು. ಕೈ ಬೀಸುವ ಪೆರೇಡ್ ನಿಂತಿತು. ಸುಮ್ಮನೆ ಬಗ್ಗಿ ನಡೆಯುವುದು, ತಿರುಗುವುದು, ಎಳೆಯುವುದು. ಅಲುಗಾಟ ನೋಡಿ ನೋಡಿ ನನಗೆ ಸಾಕಾಯಿತು. "ಈ ಎಳೆಯೋ ಭಾಗ ಎಲ್ಲ ದಂಡ, ಮುಂದಕ್ಕೆ ಓಡಿಸ್ತೀನಿ, ಆಮೇಲೆ ಕತ್ತರಿಸಿಬಿಡೋಣ" ಅಂತ ರಿಮೋಟ್ ತಗೊಂಡೆ.

"ಊಂ, ಅದ್ನ ಕತ್ತರ್ಸಮ್ಮಿ" ಅಂತ ಭಾವನೂ ಅವಸರದಲ್ಲಿ ಅಂದರು.

ಅಕ್ಕ ಮಂಚದ ಕಾಲಿನಿಂದ ದಾರ ಹಿಡಿದು ಒಮ್ಮೆ ಜಗ್ಗಿದಳು. ರಿಮೋಟು ನನ್ನ ಕೈಯಿಂದ ಹಾರಿ ಅವಳ ಮಡಿಲಿಗೆ ಬಿತ್ತು. "ಮುಟ್ಬ್ಯಾಡ" ಅಂದಳು. ಸೌಂಡು ಜಾಸ್ತಿ ಮಾಡಿದಳು.

ಆಗ ನನಗೂ ಕೇಳಿಸಿತು. ಎಡೆಮಟ್ಟೆ ಕಲ್ಲಿಗೆ ಉಜ್ಜುವ ಸದ್ದಿನ ಜೊತೆ ಭಾವ ಮೆಲ್ಲಗೆ ಮಾತಾಡುತ್ತಿದ್ದರು. ಫೋನಿನ ಜೊತೆ.

"ಬಾ... ಬಾ ಗುರುಬಸಿ. ಕಲ್ಲದೆ, ನಿಧಾನ. ಆಂ, ಅಂಗೇ. ಇನ್ನೊಂಚೂರು."

ಟಿವಿಯಲ್ಲಿ ಅವರು ಮೇಲೆ ನಿಂತು ಹಗ್ಗ ಎಳೆದುಕೊಳ್ಳುತ್ತಿದ್ದರು, ನಾವು ಕುಲುಕುತ್ತಾ ಕುಲುಕುತ್ತಾ ಅವರ ಹತ್ತಿರಕ್ಕೆ ಹೋಗುತ್ತಿದ್ದೆವು. ಹತ್ತಿರ ಬಂದ ಮೇಲೆ ಟವಲಿನಲ್ಲಿ ಫೋನಿನ ಧೂಳು ಒರೆಸಿದರು. ಅವರ ಮುಖ ಇಡೀ ಟಿವಿಯಲ್ಲಿ ತುಂಬಿಕೊಂಡಿತು. ಬೆವರು, ಬಿಳಿ ಗಡ್ಡದ ಕೂಳೆ, ಕೆಂಪಾದ ಕಣ್ಣು.

"ಸುಸ್ತಾಯ್ತಾ? ಕುಂತ್ಕೊ ವಸಿ" ಅಂದರು. ಪಕ್ಕದ ಕಲ್ಲಿನ ಮೇಲೆ ತಾವೂ ಕೂತರು. "ನಿನ್ ಕಾಲು ಗಟ್ಟಿ ಇದ್ದಾಗ್ಲೆ ಕರ್ಕಂಡು ಬರ್ಬೇಕಾಗಿತ್ತು ಕಣೆ. ಅಂಗ್ಡಿ ಅಂಗ್ಡಿ ಅಂದ್ಕಂಡು ಕಾಲ ಕಳ್ದೆ. ನಾನ್ ಬದುಕ್ಲಿ ಅಂತ ನೀನ್ ಒತ್ತಿದ್ ಅರಕೆ ಅದು. ನಾನೇ ಬಸ್ ಅತ್ತುದ್ನಲ್ಲ. ಥೂ, ನನ್ ಜಲ್ಮಕ್ಕೆ." ಎದ್ದು ಪಂಚೆ ಕೊಡವಿಕೊಂಡರು. "ನಡಿ. ಇನ್ನೇನ್ ಬಂತು. ನಾನ್ ಇವ್ನಲ್ಲ, ಎಳ್ಕತೀನಿ. ಬಾ."

ಹಾಗೇ ಮೇಲಿನವರೆಗೆ ಹೋದರು. ಪ್ರತಿ ಎಳೆತಕ್ಕೂ ಒಂದೊಂದು "ಬಾ". ಕೊನೆಯಲ್ಲಿ ದೇವಸ್ಥಾನದ ಗೋಪುರ ಓರೆಯಾಗಿ ಕಂಡಿತು, ಯಾರೋ ಜಾಗಟೆ ಹೊಡೆದರು, ಅಲ್ಲಿಗೆ ಫೋನಿನ ಬ್ಯಾಟರಿ ಮುಗಿದಿತ್ತು, ಟಿವಿ ಕಪ್ಪಾಯಿತು.

ಅಕ್ಕ ಅಳುತ್ತಿದ್ದಳು. ಸೆರಗು ಮುಖಕ್ಕೆ ಮುಚ್ಚಿಕೊಳ್ಳದೆ, ನಮ್ಮೆದುರೇ ಅಳುತ್ತಿದ್ದಳು. ನಾನೂ ಅತ್ತೆ, ಅದರಲ್ಲಿ ಮುಚ್ಚುಮರೆ ಏನು. ಭಾವ ಮಾತ್ರ ತಲೆ ತಗ್ಗಿಸಿ ಹಿಮ್ಮಡಿಯ ಬೊಬ್ಬೆಯನ್ನು ಸವರಿಕೊಳ್ಳುತ್ತಿದ್ದರು.

"ಕೋಮಲ, ನೋಡ್ದಾ? ಇವ್ರು ನಡ್ಯೋವಾಗ ನಾನ್ ನಿಂತಿದ್ನಿ. ಇವ್ರು ನಿಂತಾಗ ನಾನ್ ನಡುದ್ನಿ. ಕಲ್ಲು, ಮಣ್ಣು, ಎಲ್ಲ ತುಳ್ಕಂಡು ಇವ್ರ ಇಂದಿಂದೇನೆ ಓಗಿವ್ನಿ" ಅಂದಳು ಅಕ್ಕ. "ಮದ್ವೆಯಾದಾಗ್ಲಿಂದ್ಲೂ ನಾವಿಬ್ರು ಇಂಗೇ ಅಲ್ವಾ ನಡ್ದಿರೋದು?"

"ಹಾಗಾದರೆ..." ಅಂದೆ ನಾನು. ಧೈರ್ಯ ಸಾಲದೆ ಅಲ್ಲಿಗೇ ನಿಲ್ಲಿಸಿದೆ.

"ಜೋಡಿ ಅರಕೆ ತೀರ್ತು. ಮಾದಪ್ಪ ನೋಡವ್ನೆ."

ಭಾವ ತಲೆ ಎತ್ತಿದರು. ನಾಚಿಕೆಯಿಂದಲೋ, ಸಂತೋಷದಿಂದಲೋ ಅವರ ಕಿವಿ ಕೆಂಪಾಗಿತ್ತು. "ಆ ಮಾತ್ನೆಲ್ಲ ಕತ್ತರ್ಸು ಅಂದಿದ್ನಲ್ಲಮ್ಮಿ ನಿಂಗೆ" ಅಂತ ನನ್ನ ಮೇಲೆ ರೇಗಿದರು.

ಅಕ್ಕ ರಿಮೋಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅದರ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದಳು.

"ಇದ್ರಾಗೆ ಒಂದ್ ಮಾತ್ನೂ ಕತ್ತರ್ಸಂಗಿಲ್ಲ. ಕತ್ತರ್ಸಾದಿದ್ರೆ ಡಾಕ್ಟ್ರು ನನ್ ಮಂಡಿ ಕತ್ತರಿಸ್ಲಿ. ಫೋನ್ ಮಾಡಮ್ಮಿ."